ಕರ್ನಾಟಕದಲ್ಲಿ ಪ್ರೌಢಶಾಲಾ ಹಂತದ ಶಾಲೆ ಬಿಡುವಿಕೆ ತಡೆ ನೀತಿ

ಪ್ರೌಢಶಾಲಾ ಹಂತದ ಶಾಲೆ ಬಿಡುವಿಕೆ ತಡೆ ನೀತಿ ಎಂಬುದು 8ರಿಂದ 10ನೇ ತರಗತಿಯವರೆಗಿನ ವಿದ್ಯಾರ್ಥಿಗಳು ಎಸ್‌ಎಸ್‌ಎಲ್‌ಸಿ ಪೂರೈಸುವ ಮೊದಲೇ ವ್ಯಾಸಂಗ ನಿಲ್ಲಿಸದಂತೆ ನೋಡಿಕೊಳ್ಳಲು ಕರ್ನಾಟಕ ಸರ್ಕಾರ ರೂಪಿಸಿರುವ ಕಾನೂನು, ಯೋಜನೆ ಹಾಗೂ ಆಡಳಿತ ಕ್ರಮಗಳ ಒಟ್ಟು ಹೆಸರು. ಇದು ಒಂದೇ ಆದೇಶದ ಮೂಲಕ ಜಾರಿಗೆ ಬಂದ ನೀತಿಯಲ್ಲ. ಮಧ್ಯಾಹ್ನದ ಬಿಸಿಯೂಟ, ಬೈಸಿಕಲ್ ವಿತರಣೆ, ವಿದ್ಯಾರ್ಥಿವೇತನ, ವಸತಿ ಶಾಲೆ, ಹಾಜರಾತಿ ನಿಗಾ, ಬಾಲಕಾರ್ಮಿಕ ಪದ್ಧತಿ ಹಾಗೂ ಬಾಲ್ಯವಿವಾಹದ ನಿಷೇಧ, ಪರೀಕ್ಷಾ ಸುಧಾರಣೆ ಮುಂತಾದವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಇಲಾಖೆಗಳ ಮೂಲಕ ಬಂದು ಸೇರಿವೆ. 14 ವರ್ಷದವರೆಗಿನ ಶಿಕ್ಷಣವು ಮಗುವಿನ ಮೂಲಭೂತ ಹಕ್ಕಾಗಿದೆ. ಆ ವಯಸ್ಸು ದಾಟಿ 8ನೇ ತರಗತಿ ಮುಗಿಸಿದ ವಿದ್ಯಾರ್ಥಿಗೆ ಅಂಥ ಹಕ್ಕಿನ ರಕ್ಷಣೆ ಇಲ್ಲ. ಆದ್ದರಿಂದ 9 ಮತ್ತು 10ನೇ ತರಗತಿಗಳಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ಹೊಣೆಯು ಬಹುಮಟ್ಟಿಗೆ ಯೋಜನೆಗಳ ಮೇಲೆಯೇ ನಿಂತಿದೆ. ರಾಜಧಾನಿಗೆ ಹೊಂದಿಕೊಂಡಿರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಈ ನೀತಿಯ ಸಾಧ್ಯತೆ ಮತ್ತು ಮಿತಿ ಎರಡೂ ಕಾಣಸಿಗುತ್ತವೆ.

## ಶಾಲಾ ಹಂತಗಳ ರಚನೆ

ಕರ್ನಾಟಕದಲ್ಲಿ 1ರಿಂದ 5ನೇ ತರಗತಿಯವರೆಗೆ ಕಿರಿಯ ಪ್ರಾಥಮಿಕ, 6 ಮತ್ತು 7ನೇ ತರಗತಿ ಹಿರಿಯ ಪ್ರಾಥಮಿಕ, 8ರಿಂದ 10ನೇ ತರಗತಿಯವರೆಗೆ ಪ್ರೌಢಶಾಲೆ ಎಂಬ ವಿಂಗಡಣೆ ದೀರ್ಘಕಾಲದಿಂದ ಬಳಕೆಯಲ್ಲಿದೆ. ನಂತರದ ಎರಡು ವರ್ಷ ಪದವಿಪೂರ್ವ ಶಿಕ್ಷಣ. ಶಿಕ್ಷಣ ಹಕ್ಕು ಕಾಯಿದೆಯು 1ರಿಂದ 8ನೇ ತರಗತಿಯವರೆಗಿನ ಶಿಕ್ಷಣವನ್ನು ಪ್ರಾಥಮಿಕ ಶಿಕ್ಷಣವೆಂದು ಪರಿಗಣಿಸುತ್ತದೆ. ಹೀಗಾಗಿ ರಾಜ್ಯದ 8ನೇ ತರಗತಿಯು ಆಡಳಿತದ ದೃಷ್ಟಿಯಿಂದ ಪ್ರೌಢಶಾಲೆಗೂ ಕಾನೂನಿನ ದೃಷ್ಟಿಯಿಂದ ಪ್ರಾಥಮಿಕ ಶಿಕ್ಷಣಕ್ಕೂ ಸೇರಿದೆ. ಈ ವ್ಯತ್ಯಾಸವನ್ನು ಸರಿದೂಗಿಸಲು ಅನೇಕ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 8ನೇ ತರಗತಿಯನ್ನು ಆರಂಭಿಸಲಾಯಿತು.

ಈ ರಚನೆಯಿಂದಾಗಿ ಗ್ರಾಮೀಣ ವಿದ್ಯಾರ್ಥಿಯು 7 ಅಥವಾ 8ನೇ ತರಗತಿಯ ನಂತರ ಶಾಲೆ ಬದಲಿಸಬೇಕಾಗುತ್ತದೆ. ಊರಿನ ಶಾಲೆಯಿಂದ ವರ್ಗಾವಣೆ ಪತ್ರ ಪಡೆದು ಹೋಬಳಿ ಕೇಂದ್ರದ ಅಥವಾ ಪಕ್ಕದ ದೊಡ್ಡ ಊರಿನ ಪ್ರೌಢಶಾಲೆಗೆ ಸೇರಬೇಕು. ವರ್ಗಾವಣೆ ಪತ್ರ ಪಡೆದು ಮುಂದಿನ ಶಾಲೆಗೆ ಸೇರದ ಮಗು ಹಳೆಯ ಶಾಲೆಯ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ, ಹೊಸ ಶಾಲೆಯ ಪುಸ್ತಕದಲ್ಲೂ ಇರುವುದಿಲ್ಲ. ಶಾಲೆಯಿಂದ ಶಾಲೆಗೆ ದಾಟುವ ಈ ಘಟ್ಟವು ಶಾಲೆ ಬಿಡುವಿಕೆಯ ಅಪಾಯ ಹೆಚ್ಚಿರುವ ಘಟ್ಟಗಳಲ್ಲಿ ಒಂದು. 9ನೇ ತರಗತಿಯ ಕಲಿಕಾ ಹೊರೆ ಮತ್ತು 10ನೇ ತರಗತಿಯ ಸಾರ್ವಜನಿಕ ಪರೀಕ್ಷೆ ಉಳಿದ ಎರಡು ಘಟ್ಟಗಳು.

1ರಿಂದ 12ನೇ ತರಗತಿಯವರೆಗೆ ಒಂದೇ ಆವರಣದಲ್ಲಿ ಬೋಧಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು 2017-18ರ ನಂತರ ಹಂತಹಂತವಾಗಿ ಆರಂಭವಾದವು. ಇವುಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳೂ ಇವೆ. ಹಂತದಿಂದ ಹಂತಕ್ಕೆ ಹೋಗುವಾಗ ಶಾಲೆ ಬದಲಿಸುವ ಅಗತ್ಯ ಇಲ್ಲದಿರುವುದು ಈ ಮಾದರಿಯ ಮುಖ್ಯ ಅನುಕೂಲಗಳಲ್ಲಿ ಒಂದು.

## ಅಳತೆಯ ವಿಧಾನ

ಒಂದು ಶೈಕ್ಷಣಿಕ ವರ್ಷದಲ್ಲಿ ದಾಖಲಾಗಿದ್ದು, ಮುಂದಿನ ವರ್ಷ ಅದೇ ತರಗತಿಯಲ್ಲಾಗಲಿ ಮೇಲಿನ ತರಗತಿಯಲ್ಲಾಗಲಿ ದಾಖಲಾಗದ ವಿದ್ಯಾರ್ಥಿಗಳ ಪ್ರಮಾಣವನ್ನು ಶಾಲೆ ಬಿಡುವಿಕೆಯ ದರ ಎನ್ನಲಾಗುತ್ತದೆ. ದೇಶದ ಎಲ್ಲ ಶಾಲೆಗಳ ಮಾಹಿತಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ವ್ಯವಸ್ಥೆಯು ಸಂಗ್ರಹಿಸುತ್ತದೆ. ಇದರ ಪ್ರಕಾರ ಕರ್ನಾಟಕದಲ್ಲಿ 9 ಮತ್ತು 10ನೇ ತರಗತಿಯನ್ನು ಒಳಗೊಂಡ ಮಾಧ್ಯಮಿಕ ಹಂತದ ಶಾಲೆ ಬಿಡುವಿಕೆಯ ದರವು 2021-22ರಲ್ಲಿ ಶೇ. 14.7ರಷ್ಟಿತ್ತು. ಅದೇ ವರ್ಷದ ರಾಷ್ಟ್ರೀಯ ಸರಾಸರಿ ಶೇ. 12.6. 2023-24ರಲ್ಲಿ ರಾಜ್ಯದ ದರ ಶೇ. 22ರ ಆಸುಪಾಸಿಗೆ ಏರಿ, ಬಿಹಾರ ಮತ್ತು ಅಸ್ಸಾಂ ರಾಜ್ಯಗಳೊಂದಿಗೆ ಹೆಚ್ಚಿನ ದರವಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಸೇರಿತು.

ಈ ಎರಡು ವರ್ಷಗಳ ಅಂಕಿಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ಮೊದಲು ಶಾಲೆಗಳು ತರಗತಿವಾರು ಒಟ್ಟು ಸಂಖ್ಯೆಯನ್ನು ಮಾತ್ರ ನೀಡುತ್ತಿದ್ದವು. 2022-23ರಿಂದ ಪ್ರತಿ ವಿದ್ಯಾರ್ಥಿಯ ವಿವರವನ್ನು ಪ್ರತ್ಯೇಕವಾಗಿ ದಾಖಲಿಸುವ ಪದ್ಧತಿ ಬಂದಿತು. ಎರಡು ಶಾಲೆಗಳಲ್ಲಿ ಏಕಕಾಲಕ್ಕೆ ಇದ್ದ ಹೆಸರುಗಳು ಹಾಗೂ ಬಾರದಿದ್ದರೂ ಪುಸ್ತಕದಲ್ಲಿ ಉಳಿದಿದ್ದ ಹೆಸರುಗಳು ಈ ಪದ್ಧತಿಯಲ್ಲಿ ಹೊರಬೀಳುತ್ತವೆ. ಪ್ರಾಥಮಿಕ ಹಂತಕ್ಕೆ ಹೋಲಿಸಿದರೆ ಮಾಧ್ಯಮಿಕ ಹಂತದ ದರವು ಹಲವು ಪಟ್ಟು ಹೆಚ್ಚು ಎಂಬುದರಲ್ಲಿ ಮಾತ್ರ ಹಳೆಯ ಮತ್ತು ಹೊಸ ಪದ್ಧತಿಗಳೆರಡೂ ಒಂದೇ ಚಿತ್ರವನ್ನು ಕೊಡುತ್ತವೆ. ಈ ಹಂತದಲ್ಲಿ ಬಾಲಕಿಯರಿಗಿಂತ ಬಾಲಕರು ಹೆಚ್ಚಿನ ಪ್ರಮಾಣದಲ್ಲಿ ಶಾಲೆ ಬಿಡುತ್ತಿರುವುದೂ ರಾಜ್ಯದ ಅಂಕಿಅಂಶಗಳಲ್ಲಿ ಕಾಣುತ್ತದೆ.

## ಕಾನೂನು ಚೌಕಟ್ಟು

### ಶಿಕ್ಷಣದ ಹಕ್ಕು

2002ರ 86ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 21ಎ ವಿಧಿಯು 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಇದನ್ನು ಜಾರಿಗೊಳಿಸುವ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಕರ್ನಾಟಕವು ಅದರ ನಿಯಮಗಳನ್ನು 2012ರಲ್ಲಿ ರೂಪಿಸಿತು. 6 ವರ್ಷಕ್ಕೆ 1ನೇ ತರಗತಿಗೆ ಸೇರಿದ ಮಗು 8ನೇ ತರಗತಿ ಮುಗಿಸುವ ವೇಳೆಗೆ 14 ವರ್ಷ ಪೂರೈಸಿರುತ್ತದೆ. ಆ ಮಗು 9ನೇ ತರಗತಿಗೆ ಬಾರದಿದ್ದರೆ ಅದನ್ನು ಹಕ್ಕಿನ ಉಲ್ಲಂಘನೆ ಎಂದು ಪ್ರಶ್ನಿಸಲು ಈ ಕಾಯಿದೆಯಲ್ಲಿ ಅವಕಾಶವಿಲ್ಲ.

### ಉಚ್ಚ ನ್ಯಾಯಾಲಯದ ಮಧ್ಯಪ್ರವೇಶ

ರಾಜ್ಯದಲ್ಲಿ ಸಾವಿರಾರು ಮಕ್ಕಳು ಶಾಲೆಯಿಂದ ಹೊರಗಿರುವ ಕುರಿತ ಪತ್ರಿಕಾ ವರದಿಯನ್ನು ಆಧರಿಸಿ ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಸ್ವಯಂಪ್ರೇರಿತವಾಗಿ ಸಾರ್ವಜನಿಕ ಹಿತಾಸಕ್ತಿ ಪ್ರಕರಣ ದಾಖಲಿಸಿಕೊಂಡಿತು. ಅದಕ್ಕೂ ಮೊದಲು ಸತತ 60 ದಿನ ಗೈರುಹಾಜರಾದ ಮಗುವನ್ನು ಮಾತ್ರ ಶಾಲೆಯಿಂದ ಹೊರಗುಳಿದ ಮಗು ಎಂದು ಗುರುತಿಸಲಾಗುತ್ತಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಗು ಕೆಲಸಕ್ಕೆ ಸೇರಿರುವ ಅಥವಾ ಊರು ಬಿಟ್ಟಿರುವ ಸಂಭವವೇ ಹೆಚ್ಚು. ಪ್ರಕರಣದ ನಂತರ ಈ ಅವಧಿಯನ್ನು 7 ದಿನಕ್ಕೆ ಇಳಿಸಲಾಯಿತು. ಅನುಮತಿಯಿಲ್ಲದೆ 7 ದಿನಕ್ಕಿಂತ ಹೆಚ್ಚು ಕಾಲ ಬಾರದ ಮಗುವಿನ ಮಾಹಿತಿಯನ್ನು ಮುಖ್ಯ ಶಿಕ್ಷಕರು ಹಾಜರಾತಿ ಪ್ರಾಧಿಕಾರಕ್ಕೆ ತಿಳಿಸಿ, ಪೋಷಕರನ್ನು ಸಂಪರ್ಕಿಸಿ ಮಗುವನ್ನು ಕರೆತರುವ ಕ್ರಮ ಆರಂಭವಾಗಬೇಕು. ಈ ವ್ಯವಸ್ಥೆಯೂ ಶಿಕ್ಷಣ ಹಕ್ಕಿನ ವಯೋಮಿತಿಗೆ ಒಳಪಟ್ಟ ಮಕ್ಕಳಿಗಾಗಿಯೇ ರೂಪುಗೊಂಡದ್ದು.

### ದುಡಿಮೆ ಮತ್ತು ವಿವಾಹದ ವಯಸ್ಸು

1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದನ್ನು ನಿಷೇಧಿಸಿತು. ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಕುಟುಂಬದ ಅಪಾಯಕಾರಿಯಲ್ಲದ ಕಸುಬಿನಲ್ಲಿ ನೆರವಾಗಲು ವಿನಾಯಿತಿ ಇದೆ. 14ರಿಂದ 18 ವರ್ಷದವರನ್ನು ಕಿಶೋರರೆಂದು ಪ್ರತ್ಯೇಕವಾಗಿ ಗುರುತಿಸಿ, ಅಪಾಯಕಾರಿ ಕೆಲಸಗಳಲ್ಲಿ ಮಾತ್ರ ಅವರ ದುಡಿಮೆಯನ್ನು ನಿಷೇಧಿಸಲಾಗಿದೆ. ಇದರ ಪರಿಣಾಮವಾಗಿ ಶಿಕ್ಷಣದ ಹಕ್ಕು ಕೊನೆಗೊಳ್ಳುವ ವಯಸ್ಸಿನಲ್ಲಿಯೇ ದುಡಿಮೆಗೆ ಕಾನೂನಿನ ಬಾಗಿಲು ಭಾಗಶಃ ತೆರೆಯುತ್ತದೆ.

ಬಾಲ್ಯವಿವಾಹದ ವಿಷಯದಲ್ಲಿ ಕಾನೂನಿನ ರಕ್ಷಣೆ ಹೆಣ್ಣುಮಕ್ಕಳಿಗೆ 18 ವರ್ಷದವರೆಗೂ ಮುಂದುವರಿಯುತ್ತದೆ. ಬಾಲ್ಯವಿವಾಹ ತಡೆ ಕುರಿತು ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ ಅವರ ನೇತೃತ್ವದ ಸಮಿತಿಯು 2011ರಲ್ಲಿ ವರದಿ ನೀಡಿತ್ತು. ಕರ್ನಾಟಕದ ತಿದ್ದುಪಡಿ ಕಾಯಿದೆಯು ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿತು. ಸರ್ವೋಚ್ಚ ನ್ಯಾಯಾಲಯವು 2017ರ ಅಕ್ಟೋಬರ್ ತಿಂಗಳ ತೀರ್ಪೊಂದರಲ್ಲಿ ಈ ತಿದ್ದುಪಡಿಯನ್ನು ಮೆಚ್ಚಿ, ಉಳಿದ ರಾಜ್ಯಗಳೂ ಇದನ್ನು ಅನುಸರಿಸುವುದು ಒಳಿತೆಂದು ಅಭಿಪ್ರಾಯಪಟ್ಟಿತು.

## ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸನ್ನಿವೇಶ

ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ರಚನೆಯಾಯಿತು. 2007ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕಗೊಂಡ ಬಳಿಕ ಇಲ್ಲಿ ನಾಲ್ಕು ತಾಲ್ಲೂಕುಗಳು ಉಳಿದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 9,90,923. ಸಾಕ್ಷರತೆಯ ಪ್ರಮಾಣ ಶೇ. 77.9. ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಮರುನಾಮಕರಣ ಮಾಡಲು 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ತೀರ್ಮಾನಿಸಿತು. ಶಾಲಾ ಆಡಳಿತಕ್ಕೆ ಜಿಲ್ಲಾ ಮಟ್ಟದಲ್ಲಿ ಉಪನಿರ್ದೇಶಕರು, ತಾಲ್ಲೂಕು ಮಟ್ಟದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು ಹೊಣೆಗಾರರಾಗಿದ್ದಾರೆ.

ರಾಜ್ಯದ ಹಿಂದುಳಿದ ಜಿಲ್ಲೆಗಳಲ್ಲಿ ಬಡತನ ಮತ್ತು ವಲಸೆ ಹೋಗುವಿಕೆ ಶಾಲೆ ಬಿಡಲು ಮುಖ್ಯ ಕಾರಣಗಳಾದರೆ, ಈ ಜಿಲ್ಲೆಯಲ್ಲಿ ಅವುಗಳ ಜೊತೆಗೆ ಕೆಲಸದ ಸಮೀಪತೆಯೂ ಒಂದು ಕಾರಣ. ದೊಡ್ಡಬಳ್ಳಾಪುರವು ವಿದ್ಯುತ್ ಮಗ್ಗಗಳ ನೇಕಾರಿಕೆಗೆ ಹೆಸರಾದ ಪಟ್ಟಣ. ಮಗ್ಗಗಳು ಅನೇಕ ಕಡೆ ಮನೆಯೊಳಗೇ ಇರುವುದರಿಂದ ಹದಿಹರೆಯದ ಮಕ್ಕಳ ನೆರವು ಕುಟುಂಬದ ದುಡಿಮೆಯಲ್ಲಿ ಸುಲಭವಾಗಿ ಬೆರೆತುಹೋಗುತ್ತದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ರೇಷ್ಮೆ ಕೃಷಿ ಪ್ರಮುಖವಾಗಿದೆ. ಹುಳುಗಳು ಹಣ್ಣಾಗುವ ದಿನಗಳಲ್ಲಿ ಮನೆಮಂದಿಯೆಲ್ಲ ಸೊಪ್ಪು ಹಾಕುವ, ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ತೊಡಗಬೇಕಾಗುತ್ತದೆ. ರಾಗಿ ಕೊಯ್ಲಿನ ಕಾಲದಲ್ಲೂ ಇದೇ ಸ್ಥಿತಿ. ಇಂಥ ಗೈರುಹಾಜರಿ ಕೆಲವು ದಿನಗಳಲ್ಲಿ ಮುಗಿಯುವುದೂ ಉಂಟು. ಪಾಠ ತಪ್ಪಿ, ತರಗತಿಯಲ್ಲಿ ಹಿಂದೆ ಬಿದ್ದು, ಮುಂದೆ ಶಾಲೆಯೇ ಬೇಡವೆನಿಸುವುದೂ ಉಂಟು.

ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ನಂತರ ಸುತ್ತಲಿನ ಭೂಮಿಯ ಬೆಲೆ ಮತ್ತು ಉದ್ಯೋಗದ ಸ್ವರೂಪ ಬದಲಾದವು. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಹಾಗೂ ಹೊಸಕೋಟೆಯ ಕೈಗಾರಿಕಾ ಪ್ರದೇಶಗಳು, ಹೆದ್ದಾರಿಯ ಬದಿಯ ಗೋದಾಮುಗಳು, ಸಿದ್ಧ ಉಡುಪು ಘಟಕಗಳು, ಹೂವಿನ ಹಸಿರುಮನೆಗಳು ಕೂಲಿಗೆ ಅವಕಾಶ ಒದಗಿಸಿವೆ. ದೊಡ್ಡ ಕಾರ್ಖಾನೆಗಳ ಕಾಯಂ ಹುದ್ದೆಗೆ ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ, ಐಟಿಐ ಅಥವಾ ಪಿಯುಸಿ ಬೇಕು. ಸರಕು ಏರಿಸುವ ಇಳಿಸುವ ಕೆಲಸ, ಹೋಟೆಲ್, ಗ್ಯಾರೇಜ್, ಕಟ್ಟಡ ಕೆಲಸಗಳಿಗೆ ಅಂಥ ವಿದ್ಯಾರ್ಹತೆಯನ್ನು ಯಾರೂ ಕೇಳುವುದಿಲ್ಲ. ಹೀಗಾಗಿ ಶಾಲೆ ಬಿಟ್ಟ ಹುಡುಗನಿಗೆ ಬೇಗ ಕೂಲಿ ದೊರೆತರೂ ತನ್ನ ಊರಿನ ಪಕ್ಕದಲ್ಲೇ ಬಂದಿರುವ ಸ್ಥಿರ ಉದ್ಯೋಗದ ಬಾಗಿಲು ಮುಚ್ಚಿರುತ್ತದೆ.

ಇನ್ನೊಂದು ಗುಂಪು ಒಳವಲಸಿಗರ ಮಕ್ಕಳದು. ಉತ್ತರ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಹಾಗೂ ಉತ್ತರ ಮತ್ತು ಪೂರ್ವ ಭಾರತದ ರಾಜ್ಯಗಳಿಂದ ಕಟ್ಟಡ ನಿರ್ಮಾಣ, ಇಟ್ಟಿಗೆ ಗೂಡು ಮುಂತಾದ ಕೆಲಸಗಳಿಗೆ ಕುಟುಂಬಸಮೇತ ಬರುವವರ ಮಕ್ಕಳು ಕೆಲಸದ ಸ್ಥಳ ಬದಲಾದಂತೆ ಶಾಲೆಯನ್ನೂ ಬದಲಿಸಬೇಕಾಗುತ್ತದೆ. ಕಿರಿಯ ಮಕ್ಕಳಿಗೆ ಟೆಂಟ್ ಶಾಲೆಗಳಂಥ ವ್ಯವಸ್ಥೆ ಇದೆ. ಹಿಂದಿ, ತೆಲುಗು ಅಥವಾ ಒಡಿಯಾ ಮಾಧ್ಯಮದಲ್ಲಿ ಕಲಿತು ಬಂದ 14 ವರ್ಷದ ಮಗು ಕನ್ನಡ ಮಾಧ್ಯಮದ 9ನೇ ತರಗತಿಗೆ ಹೊಂದಿಕೊಳ್ಳುವುದು ಹೆಚ್ಚು ಕಷ್ಟ.

## ಪ್ರಮುಖ ಕಾರ್ಯಕ್ರಮಗಳು

### ಊಟ ಮತ್ತು ಪೌಷ್ಟಿಕತೆ

ಅಕ್ಷರ ದಾಸೋಹ ಕಾರ್ಯಕ್ರಮವು 2002-03ರಲ್ಲಿ ರಾಜ್ಯದ ಉತ್ತರದ ಏಳು ಜಿಲ್ಲೆಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. 2007-08ರಲ್ಲಿ ಇದನ್ನು ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ 8ರಿಂದ 10ನೇ ತರಗತಿಗಳಿಗೂ ಅನ್ವಯಿಸಲಾಯಿತು. ಕೇಂದ್ರ ಸರ್ಕಾರದ ನೆರವು 8ನೇ ತರಗತಿಯವರೆಗೆ ಮಾತ್ರ ದೊರೆಯುವುದರಿಂದ 9 ಮತ್ತು 10ನೇ ತರಗತಿಯ ಊಟದ ವೆಚ್ಚವನ್ನು ರಾಜ್ಯವೇ ಭರಿಸುತ್ತದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಪ್ರತಿ ವಿದ್ಯಾರ್ಥಿಗೆ 150 ಮಿ.ಲೀ. ಹಾಲು ನೀಡಲಾಗುತ್ತದೆ. ವಾರಕ್ಕೆ ಮೂರು ದಿನವಿದ್ದ ವಿತರಣೆಯನ್ನು 2017ರಲ್ಲಿ ಐದು ದಿನಕ್ಕೆ ಹೆಚ್ಚಿಸಲಾಯಿತು. ಮೊಟ್ಟೆ ವಿತರಣೆ 2023ರಲ್ಲಿ 10ನೇ ತರಗತಿಯವರೆಗೆ ವಿಸ್ತರಣೆಯಾಯಿತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರದ ಆರು ದಿನ ಮೊಟ್ಟೆ ಅಥವಾ ಪರ್ಯಾಯ ಆಹಾರ ನೀಡಲಾಗುತ್ತಿದೆ. ಹಾಲಿನೊಂದಿಗೆ ರಾಗಿ ಪೇಯ ನೀಡುವ ಕ್ರಮವೂ 2024ರಲ್ಲಿ ಸೇರಿತು.

### ದೂರ ಮತ್ತು ಸಾರಿಗೆ

2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಪ್ರತಿ ಜನವಸತಿಯಿಂದ 5 ಕಿ.ಮೀ. ಒಳಗೆ ಪ್ರೌಢಶಾಲೆ ಇರಬೇಕೆಂಬ ಗುರಿ ಹೊಂದಿತ್ತು. 2018ರಲ್ಲಿ ಇದು ಸಮಗ್ರ ಶಿಕ್ಷಣ ಕಾರ್ಯಕ್ರಮದಲ್ಲಿ ವಿಲೀನವಾಯಿತು. 5 ಕಿ.ಮೀ. ಎಂಬುದು ನಡೆದುಹೋಗುವ ಮಗುವಿಗೆ ಕಡಿಮೆ ದೂರವಲ್ಲ. ಈ ಅಂತರವನ್ನು ತುಂಬಲು ರಾಜ್ಯವು 2006-07ರಲ್ಲಿ 8ನೇ ತರಗತಿಯ ಬಾಲಕಿಯರಿಗೆ ಉಚಿತ ಬೈಸಿಕಲ್ ವಿತರಿಸಲು ಆರಂಭಿಸಿ, ಮರುವರ್ಷ ಬಾಲಕರಿಗೂ ವಿಸ್ತರಿಸಿತು. ವಿದ್ಯಾರ್ಥಿನಿಲಯದಲ್ಲಿರುವವರು ಮತ್ತು ಬಸ್ ಪಾಸ್ ಪಡೆದವರು ಇದರ ವ್ಯಾಪ್ತಿಯಿಂದ ಹೊರಗಿದ್ದರು. ಇದೇ ಅವಧಿಯಲ್ಲಿ ಬಿಹಾರದಲ್ಲಿ ಜಾರಿಯಾದ ಬಾಲಕಿಯರ ಬೈಸಿಕಲ್ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್, ಪ್ರೌಢಶಾಲೆಗೆ ಬಾಲಕಿಯರ ದಾಖಲಾತಿ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಿದುದನ್ನು ಗುರುತಿಸಿದರು. ಶಾಲೆ ದೂರವಿದ್ದ ಹಳ್ಳಿಗಳಲ್ಲಿ ಈ ಪರಿಣಾಮ ಹೆಚ್ಚಾಗಿತ್ತು.

ಕೋವಿಡ್ ಸಾಂಕ್ರಾಮಿಕದ ಕಾರಣ 2020-21ರಿಂದ ಕರ್ನಾಟಕದಲ್ಲಿ ಬೈಸಿಕಲ್ ವಿತರಣೆ ನಿಂತುಹೋಯಿತು. ಶಾಲೆಗಳು ಪುನಃ ತೆರೆದ ಮೇಲೂ ಅದು ಮುಂದುವರಿಯದಿದ್ದುದು ಟೀಕೆಗೆ ಗುರಿಯಾಯಿತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಬಾಲಕಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿದೆ. ನಾಲ್ಕೂ ತಾಲ್ಲೂಕುಗಳ ಹೆದ್ದಾರಿ ಬದಿಯ ಊರುಗಳಿಗೆ ಇದರಿಂದ ಹೆಚ್ಚು ಅನುಕೂಲವಿದೆ. ಶಾಲೆಯ ವೇಳೆಗೆ ಬಸ್ಸೇ ಬಾರದ ಒಳಹಳ್ಳಿಗೆ ಉಚಿತ ಪ್ರಯಾಣದ ಪ್ರಯೋಜನ ಸೀಮಿತ. ಬಾಲಕರಿಗೆ ಈ ಯೋಜನೆ ಅನ್ವಯವಾಗುವುದಿಲ್ಲ.

### ಆರ್ಥಿಕ ನೆರವು

ಸರ್ಕಾರಿ ಶಾಲೆಗಳ 1ರಿಂದ 10ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಪಠ್ಯಪುಸ್ತಕ ಮತ್ತು ಸಮವಸ್ತ್ರ ದೊರೆಯುತ್ತದೆ. 2015-16ರಿಂದ ಶೂ ಮತ್ತು ಕಾಲುಚೀಲವೂ ಸೇರಿದೆ. 9 ಮತ್ತು 10ನೇ ತರಗತಿಯ ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2012ರಿಂದ ಇದೆ. 2008ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನವು (ಎನ್‌ಎಂಎಂಎಸ್) 8ನೇ ತರಗತಿಯ ನಂತರ ಶಾಲೆ ಬಿಡುವುದನ್ನು ತಡೆಯುವುದನ್ನೇ ಉದ್ದೇಶವಾಗಿ ಹೊಂದಿದೆ. ಇದರ ಪರೀಕ್ಷೆಯಲ್ಲಿ ಆಯ್ಕೆಯಾದ ಕಡಿಮೆ ಆದಾಯದ ಕುಟುಂಬದ ವಿದ್ಯಾರ್ಥಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ ₹12,000 ದೊರೆಯುತ್ತದೆ. ರಾಜ್ಯವು 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿಯನ್ನು ನಂತರ 8ರಿಂದ 10ನೇ ತರಗತಿಯಲ್ಲಿ ಓದುವ ರೈತರ ಹೆಣ್ಣುಮಕ್ಕಳಿಗೂ ವಿಸ್ತರಿಸಲಾಯಿತು. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಶೈಕ್ಷಣಿಕ ಸಹಾಯಧನವಿದೆ.

### ವಸತಿ ವ್ಯವಸ್ಥೆ

ಮೊರಾರ್ಜಿ ದೇಸಾಯಿ ಹಾಗೂ ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳು 6ನೇ ತರಗತಿಗೆ ಪ್ರವೇಶ ನೀಡಿ 10ನೇ ತರಗತಿಯವರೆಗೆ ಊಟ, ವಸತಿಯೊಂದಿಗೆ ಶಿಕ್ಷಣ ಒದಗಿಸುತ್ತವೆ. ಇವುಗಳನ್ನು ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ ನೋಡಿಕೊಳ್ಳುತ್ತದೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳೂ ಇದೇ ಉದ್ದೇಶವನ್ನು ಪೂರೈಸುತ್ತವೆ. 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಮೊದಲು 8ನೇ ತರಗತಿಯವರೆಗೆ ಮಾತ್ರ ಇದ್ದವು. ಸಮಗ್ರ ಶಿಕ್ಷಣದಡಿ ಅವುಗಳನ್ನು 12ನೇ ತರಗತಿಯವರೆಗೆ ಮೇಲ್ದರ್ಜೆಗೇರಿಸಲು ಅವಕಾಶ ಕಲ್ಪಿಸಲಾಗಿದೆ.

### ಹೆಣ್ಣುಮಕ್ಕಳಿಗಾಗಿ

2006ರಲ್ಲಿ ಆರಂಭವಾದ ಭಾಗ್ಯಲಕ್ಷ್ಮಿ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹೆಣ್ಣುಮಕ್ಕಳ ಹೆಸರಿನಲ್ಲಿ ಠೇವಣಿ ಇಡುತ್ತದೆ. 18 ವರ್ಷಕ್ಕೆ ಮುನ್ನ ಮದುವೆಯಾಗದಿರುವುದು, ಬಾಲಕಾರ್ಮಿಕಳಾಗದಿರುವುದು ಮತ್ತು ಕನಿಷ್ಠ 8ನೇ ತರಗತಿ ಓದಿರುವುದು ಇದರ ಷರತ್ತುಗಳು. ಇಲ್ಲಿಯೂ ಶಿಕ್ಷಣದ ಷರತ್ತು 8ನೇ ತರಗತಿಗೇ ನಿಲ್ಲುತ್ತದೆ. 2013ರಲ್ಲಿ ಪಶ್ಚಿಮ ಬಂಗಾಳ ಆರಂಭಿಸಿದ ಕನ್ಯಾಶ್ರೀ ಯೋಜನೆಯು 13ರಿಂದ 18 ವರ್ಷದ ಅವಿವಾಹಿತ ಹೆಣ್ಣುಮಕ್ಕಳು ವ್ಯಾಸಂಗ ಮುಂದುವರಿಸುತ್ತಿದ್ದರೆ ಮಾತ್ರ ವಾರ್ಷಿಕ ನೆರವು ನೀಡುತ್ತದೆ. ಕರ್ನಾಟಕದಲ್ಲಿ ಮುಟ್ಟಿನ ದಿನಗಳ ಗೈರುಹಾಜರಿ ತಗ್ಗಿಸಲು 2013-14ರಲ್ಲಿ ಶುಚಿ ಯೋಜನೆಯಡಿ ಸ್ಯಾನಿಟರಿ ಪ್ಯಾಡ್ ವಿತರಣೆ ಆರಂಭವಾಯಿತು. ಸಾಂಕ್ರಾಮಿಕದ ಕಾಲದಲ್ಲಿ ಸ್ಥಗಿತಗೊಂಡ ಇದನ್ನು 2024ರಲ್ಲಿ ಪುನರಾರಂಭಿಸಲಾಯಿತು.

## ಪತ್ತೆ ಮತ್ತು ಮರುಸೇರ್ಪಡೆ

ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಸಂಖ್ಯೆ ನೀಡಿ ದಾಖಲಾತಿ ಮತ್ತು ಪ್ರಗತಿಯನ್ನು ಹಿಂಬಾಲಿಸುವ ಎಸ್‌ಎಟಿಎಸ್ ತಂತ್ರಾಂಶವನ್ನು ರಾಜ್ಯದ ಶಿಕ್ಷಣ ಇಲಾಖೆ ಬಳಸುತ್ತದೆ. ಒಂದು ಶಾಲೆಯಿಂದ ಹೊರಟ ವಿದ್ಯಾರ್ಥಿ ಇನ್ನೊಂದು ಶಾಲೆಗೆ ಸೇರಿದ್ದಾನೆಯೇ ಎಂಬುದನ್ನು ಇದರಿಂದ ತಿಳಿಯಬಹುದು. ಹೊರರಾಜ್ಯಕ್ಕೆ ಹೋದವರ ಮತ್ತು ಅಲ್ಲಿಂದ ಬಂದವರ ದಾಖಲೆಗಳನ್ನು ಜೋಡಿಸುವುದು ಇದರಿಂದ ಸುಲಭವಲ್ಲ. ಅದಕ್ಕೆ ಯುಡೈಸ್ ಪ್ಲಸ್‌ನ ರಾಷ್ಟ್ರಮಟ್ಟದ ಸಂಖ್ಯೆಯನ್ನು ಅವಲಂಬಿಸಬೇಕಾಗುತ್ತದೆ.

ಶೈಕ್ಷಣಿಕ ವರ್ಷದ ಆರಂಭದಲ್ಲಿ ನಡೆಯುವ ದಾಖಲಾತಿ ಆಂದೋಲನದಲ್ಲಿ ಶಿಕ್ಷಕರು ಮನೆಮನೆಗೆ ಭೇಟಿ ನೀಡುತ್ತಾರೆ. ಚಿಣ್ಣರ ಅಂಗಳ, ಕೂಲಿಯಿಂದ ಶಾಲೆಗೆ, ಬಾ ಬಾಲೆ ಶಾಲೆಗೆ ಮುಂತಾದ ಹೆಸರಿನ ಸೇತುಬಂಧ ಕಾರ್ಯಕ್ರಮಗಳು ಶಾಲೆ ಬಿಟ್ಟ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸಿದ್ಧಗೊಳಿಸುವ ಸಲುವಾಗಿ ರೂಪುಗೊಂಡಿದ್ದವು. ಈಗ ಸಮಗ್ರ ಶಿಕ್ಷಣದಡಿ ವಸತಿಸಹಿತ ಮತ್ತು ವಸತಿರಹಿತ ವಿಶೇಷ ತರಬೇತಿಯನ್ನು ನೀಡಲಾಗುತ್ತದೆ. 16ರಿಂದ 19 ವರ್ಷದ ಹಿಂದುಳಿದ ಹಿನ್ನೆಲೆಯ ಮಕ್ಕಳು ಮುಕ್ತ ಶಾಲಾ ವ್ಯವಸ್ಥೆಯ ಮೂಲಕ ಓದು ಪೂರೈಸಲು ಸಹಾಯಧನ ದೊರೆಯುತ್ತದೆ. ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯಲೂ ಅವಕಾಶವಿದೆ.

ಸ್ಥಳೀಯ ಮಟ್ಟದಲ್ಲಿ 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹಾಗೂ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗಳು ಈ ಕೆಲಸಕ್ಕೆ ವೇದಿಕೆಯಾಗಿವೆ. ದುಡಿಮೆಗೆ ಹಚ್ಚಿದ ಮಕ್ಕಳ ಅಥವಾ ನಿಶ್ಚಯವಾಗಿರುವ ಬಾಲ್ಯವಿವಾಹದ ಕುರಿತು ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಮಾಹಿತಿ ನೀಡಬಹುದು.

## ಪರೀಕ್ಷಾ ನೀತಿ

ಅನುತ್ತೀರ್ಣತೆಯೂ ಶಾಲೆ ಬಿಡುವಿಕೆಗೆ ಕಾರಣವಾಗುತ್ತದೆ. ಶಿಕ್ಷಣ ಹಕ್ಕು ಕಾಯಿದೆಯು 8ನೇ ತರಗತಿಯವರೆಗೆ ವಿದ್ಯಾರ್ಥಿಯನ್ನು ಅದೇ ತರಗತಿಯಲ್ಲಿ ಉಳಿಸುವುದನ್ನು ನಿಷೇಧಿಸಿತ್ತು. 2019ರ ತಿದ್ದುಪಡಿಯು 5 ಮತ್ತು 8ನೇ ತರಗತಿಗಳ ವಿಷಯದಲ್ಲಿ ನಿರ್ಧಾರವನ್ನು ಸರ್ಕಾರಗಳಿಗೆ ಬಿಟ್ಟಿತು. ಕರ್ನಾಟಕವು 2023-24ರಲ್ಲಿ 5, 8 ಮತ್ತು 9ನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸಲು ಮುಂದಾದಾಗ ಪ್ರಕರಣ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಮಾರ್ಚ್‌ನಲ್ಲಿ ಏಕಸದಸ್ಯ ಪೀಠ ಪರೀಕ್ಷೆಯನ್ನು ರದ್ದುಗೊಳಿಸಿದರೆ ವಿಭಾಗೀಯ ಪೀಠ ಅನುಮತಿ ನೀಡಿತು. ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಫಲಿತಾಂಶಕ್ಕೆ ತಡೆ ನೀಡಿತು.

ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ರಾಜ್ಯಮಟ್ಟದಲ್ಲಿ ಶೇ. 83.89 ಇತ್ತು. ಆ ವರ್ಷ ಬೆಂಗಳೂರು ಗ್ರಾಮಾಂತರ ಜಿಲ್ಲೆ ಶೇ. 96.48ರೊಂದಿಗೆ ಮುಂಚೂಣಿಯ ಜಿಲ್ಲೆಗಳಲ್ಲಿ ಒಂದಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್ ಕ್ಯಾಮೆರಾ ನಿಗಾ ಬಂದಾಗ ರಾಜ್ಯದ ಫಲಿತಾಂಶವು ಶೇ. 20ರಷ್ಟು ಕೃಪಾಂಕದ ಬಳಿಕವೂ ಶೇ. 73.40ಕ್ಕೆ ಇಳಿಯಿತು. ಪರೀಕ್ಷೆ ಬರೆದವರಲ್ಲಿ ಎಷ್ಟು ಮಂದಿ ತೇರ್ಗಡೆಯಾದರು ಎಂಬುದನ್ನಷ್ಟೇ ಈ ಪ್ರತಿಶತ ಹೇಳುತ್ತದೆ. 8ನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಪರೀಕ್ಷೆಯವರೆಗೆ ಉಳಿದರು ಎಂಬುದು ಇದರಲ್ಲಿ ಸೇರಿರುವುದಿಲ್ಲ. ಆದ್ದರಿಂದ ಉತ್ತಮ ಫಲಿತಾಂಶವನ್ನು ಶಾಲೆ ಬಿಡುವಿಕೆ ಇಲ್ಲ ಎಂಬುದಕ್ಕೆ ಪುರಾವೆಯಾಗಿ ನೋಡಲಾಗದು.

2024ರಿಂದ ಪೂರಕ ಪರೀಕ್ಷೆಯ ಬದಲು ವರ್ಷಕ್ಕೆ ಮೂರು ಪರೀಕ್ಷೆ ನಡೆಸಿ, ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಕಲ್ಪಿಸಲಾಯಿತು. ಒಂದೇ ಶೈಕ್ಷಣಿಕ ವರ್ಷದಲ್ಲಿ ತೇರ್ಗಡೆಯಾಗಿ ಪಿಯುಸಿ ಅಥವಾ ಐಟಿಐ ಸೇರಲು ಇದು ನೆರವಾಗುತ್ತದೆ. 2025-26ನೇ ಸಾಲಿನಿಂದ ತೇರ್ಗಡೆಗೆ ಬೇಕಾದ ಒಟ್ಟು ಅಂಕವನ್ನು ಶೇ. 35ರಿಂದ 33ಕ್ಕೆ ಇಳಿಸಲಾಯಿತು.

## ಕೋವಿಡ್ ಅವಧಿ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲ್ ಮತ್ತು ಅಂತರ್ಜಾಲ ಸೌಲಭ್ಯವಿಲ್ಲದ ಮಕ್ಕಳು ಕಲಿಕೆಯಿಂದ ದೂರವಾದರು. ಶಿಕ್ಷಕರು ಗ್ರಾಮಗಳಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಕಾರ್ಯಕ್ರಮ ಆಗಸ್ಟ್‌ನಲ್ಲಿ ಆರಂಭವಾಗಿ, ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಪರಿಷ್ಕೃತ ರೂಪದಲ್ಲಿ ಮರಳಿತು. 2022-23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಿ ಹಿಂದಿನ ತರಗತಿಗಳ ಕಲಿಕಾಂಶಗಳನ್ನು ಪುನಃ ಬೋಧಿಸಲಾಯಿತು. ಪ್ರೌಢಶಾಲೆಯಲ್ಲಿ ಓದು, ಬರಹ ಮತ್ತು ಲೆಕ್ಕದಲ್ಲಿ ಹಿಂದುಳಿದವರಿಗಾಗಿ ಮರುಸಿಂಚನ ಎಂಬ ಪರಿಹಾರ ಬೋಧನಾ ಕಾರ್ಯಕ್ರಮ 2023-24ರಲ್ಲಿ ಬಂದಿತು.

## ಟೀಕೆಗಳು ಮತ್ತು ಪ್ರಸ್ತಾವಗಳು

ಈ ನೀತಿಯ ಕುರಿತ ಮುಖ್ಯ ಟೀಕೆ ಅದರ ಚದುರಿದ ಸ್ವರೂಪಕ್ಕೆ ಸಂಬಂಧಿಸಿದ್ದು. ಊಟ ಮತ್ತು ಹಾಜರಾತಿ ಶಾಲಾ ಶಿಕ್ಷಣ ಇಲಾಖೆಗೆ, ವಿದ್ಯಾರ್ಥಿನಿಲಯ ಸಮಾಜ ಕಲ್ಯಾಣ ಇಲಾಖೆಗೆ, ಬಾಲ್ಯವಿವಾಹ ತಡೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ದುಡಿಮೆಯ ತಪಾಸಣೆ ಕಾರ್ಮಿಕ ಇಲಾಖೆಗೆ ಸೇರಿವೆ. ಒಬ್ಬ ವಿದ್ಯಾರ್ಥಿಯ ಗೈರುಹಾಜರಿಗೆ ಇವೆಲ್ಲವೂ ಏಕಕಾಲಕ್ಕೆ ಕಾರಣವಾಗಿರಬಹುದು. ಎರಡನೆಯದಾಗಿ, ಯೋಜನೆಗಳು ಆಯವ್ಯಯವನ್ನು ಅವಲಂಬಿಸಿರುವುದರಿಂದ ಬೈಸಿಕಲ್ ಅಥವಾ ಶುಚಿ ಯೋಜನೆಯಂತೆ ಯಾವಾಗ ಬೇಕಾದರೂ ನಿಲ್ಲಬಹುದು. ನಿಂತರೆ ಅದನ್ನು ಹಕ್ಕಾಗಿ ಕೇಳಲು ವಿದ್ಯಾರ್ಥಿಗೆ ಆಧಾರವಿರುವುದಿಲ್ಲ. ಮೂರನೆಯದಾಗಿ, ಬಾಲಕಿಯರನ್ನು ಗಮನದಲ್ಲಿಟ್ಟ ಕ್ರಮಗಳಿಗೆ ಹೋಲಿಸಿದರೆ ದುಡಿಮೆಯ ಸೆಳೆತಕ್ಕೆ ಸಿಲುಕುವ ಬಾಲಕರಿಗಾಗಿ ರೂಪಿಸಿದ ಕ್ರಮಗಳು ಕಡಿಮೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರೊಳಗೆ ಮಾಧ್ಯಮಿಕ ಹಂತದವರೆಗೆ ಶೇ. 100ರಷ್ಟು ದಾಖಲಾತಿಯ ಗುರಿ ಇಟ್ಟಿದೆ. ಕರ್ನಾಟಕವು ಪ್ರತ್ಯೇಕ ರಾಜ್ಯ ಶಿಕ್ಷಣ ನೀತಿ ರೂಪಿಸಲು 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. ಆಯೋಗವು 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಎರಡು ವರ್ಷದ ಪೂರ್ವ ಪ್ರಾಥಮಿಕ, ಎಂಟು ವರ್ಷದ ಪ್ರಾಥಮಿಕ ಮತ್ತು ನಾಲ್ಕು ವರ್ಷದ ಮಾಧ್ಯಮಿಕ ಶಿಕ್ಷಣದ ರಚನೆಯನ್ನು ಶಿಫಾರಸು ಮಾಡಿತು. ಶಿಕ್ಷಣ ಹಕ್ಕಿನ ವ್ಯಾಪ್ತಿಯನ್ನು 4ರಿಂದ 18 ವರ್ಷಕ್ಕೆ ವಿಸ್ತರಿಸಬೇಕೆಂಬುದು ಅದರ ಇನ್ನೊಂದು ಶಿಫಾರಸು. ಇದು ಕಾನೂನಾದರೆ 9ನೇ ತರಗತಿಗೆ ಬಾರದ ವಿದ್ಯಾರ್ಥಿಯನ್ನು ಹುಡುಕಿ ಕರೆತರುವುದು ಯೋಜನೆಯ ಭಾಗವಾಗಿ ಉಳಿಯದೆ ಸರ್ಕಾರದ ಕಾನೂನುಬದ್ಧ ಕರ್ತವ್ಯವಾಗುತ್ತದೆ.